ಸಂಗ್ರಹ ದಿನಕ್ಕೆ ಮೊದಲು ಲಾರಿ ಗೊತ್ತು ಮಾಡಿ, ಬ್ಯಾನರು ಆಮೇಲೆ

ಬಡಾವಣೆಯಲ್ಲೊಂದು ಬ್ಯಾಟರಿ, ಬಲ್ಬು, ಫೋನು, ಔಷಧಿಯಂಥ ಹಳೇ ಸಾಮಾನಿನ ಸಂಗ್ರಹ ದಿನ ಮಾಡೋಣ ಎಂದು ಸಭೆ ಸೇರಿದರೆ ಮೊದಲ ಅರ್ಧ ಗಂಟೆ ತಾರೀಖಿಗೆ, ಇನ್ನರ್ಧ ಗಂಟೆ ಪೋಸ್ಟರಿಗೆ ಹೋಗುತ್ತದೆ. ಸಂಜೆ ಮೇಜು ಮಡಚುವ ಹೊತ್ತಿಗೆ ಅಷ್ಟೆತ್ತರ ಬಿದ್ದಿರುವ ರಾಶಿಯನ್ನು ಯಾರು ಒಯ್ಯುತ್ತಾರೆ ಎಂಬ ಮಾತು ಬರುವುದು ಕಟ್ಟಕಡೆಗೆ, ಅದೂ ಯಾರಿಗಾದರೂ ನೆನಪಾದರೆ. ಆದರೆ ಇಡೀ ಕೆಲಸ ನಿಂತಿರುವುದೇ ಅದರ ಮೇಲೆ. ಒಯ್ಯುವವರು ಗೊತ್ತಾಗದೆ ಸಂಗ್ರಹಿಸಿದ ಸಾಮಾನು ಮನೆಮನೆಯ ಅಟ್ಟದಲ್ಲಿದ್ದಾಗ ಇದ್ದುದಕ್ಕಿಂತ ಹೆಚ್ಚು ಅಪಾಯಕಾರಿ. ಆಗ ಒಂದೊಂದು ಮನೆಯಲ್ಲಿ ನಾಲ್ಕು ಸೆಲ್ಲು ಇತ್ತು, ಈಗ ಒಂದೇ ಕೋಣೆಯಲ್ಲಿ ನಾಲ್ಕು ಸಾವಿರ.

2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ, ಅಂದರೆ ಬಿಸಾಡಿದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನು, 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಲೆಕ್ಕ ಹೇಳುತ್ತದೆ. ಅದರಲ್ಲಿ ಸರಿಯಾದ ದಾಖಲೆಯೊಂದಿಗೆ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ. ಉಳಿದದ್ದರಲ್ಲಿ ಒಂದಷ್ಟು ಅಟ್ಟದ ಮೇಲಿದೆ, ಒಂದಷ್ಟು ಮಾಮೂಲಿ ಕಸದ ಜೊತೆ ಹೋಗಿದೆ, ಇನ್ನೊಂದಷ್ಟು ವೈರು ಸುಟ್ಟು ತಾಮ್ರ ತೆಗೆಯುವ ಜಾಗಗಳಿಗೆ ಸೇರಿದೆ. ಸಂಗ್ರಹ ದಿನ ಮಾಡಿಯೂ ನಮ್ಮ ರಾಶಿ ಕೊನೆಗೆ ಅಲ್ಲಿಗೇ ಹೋಗುವುದಾದರೆ ಇಷ್ಟು ಪಾಡು ಪಡುವ ಅಗತ್ಯವೇ ಇಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ವಸ್ತುಗಳ ಬಗೆ ಬರೆಯಿರಿ: ಸಣ್ಣ ಸೆಲ್ಲು, ಲಿಥಿಯಂ ಬ್ಯಾಟರಿ, ವಾಹನದ ಬ್ಯಾಟರಿ, ಟ್ಯೂಬ್‌ಲೈಟು ಮತ್ತು ಸಿಎಫ್‌ಎಲ್ ಬಲ್ಬು, ಫೋನು-ಲ್ಯಾಪ್‌ಟಾಪು, ದೊಡ್ಡ ಯಂತ್ರಗಳು, ಔಷಧಿ, ಬಣ್ಣ ಮತ್ತು ರಾಸಾಯನಿಕ. ಬಲಗಡೆ ಪ್ರತಿಯೊಂದಕ್ಕೂ ಒಯ್ಯುವವರ ಹೆಸರು. ಎಂಟೂ ಬಗೆಯನ್ನು ಒಬ್ಬರೇ ಒಯ್ಯುವುದು ಅಪರೂಪ. ಕಂಪ್ಯೂಟರು ತೆಗೆದುಕೊಳ್ಳುವವರು ಔಷಧಿ ಮುಟ್ಟುವುದಿಲ್ಲ, ಟ್ಯೂಬ್‌ಲೈಟಿಗೆ ಬೇರೆಯದೇ ಪರವಾನಗಿ ಬೇಕಾಗಬಹುದು. ಬಲಗಡೆ ಖಾಲಿ ಉಳಿದ ಸಾಲು ಪೋಸ್ಟರಿನಲ್ಲಿ ಬರಕೂಡದು. ಇದೊಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ. ಎಂಟರಲ್ಲಿ ಮೂರೇ ಬಗೆಗೆ ಹೆಸರು ಸಿಕ್ಕಿತೆನ್ನಿ, ಮೂರನ್ನೇ ಸಂಗ್ರಹಿಸಿ.

ಒಯ್ಯುವವರಿಂದ ಬರವಣಿಗೆಯಲ್ಲಿ ಪಡೆಯಬೇಕಾದ ಉತ್ತರಗಳು ಇಷ್ಟು. ಯಾವ ವಸ್ತು ತೆಗೆದುಕೊಳ್ಳುತ್ತೀರಿ, ಯಾವುದನ್ನು ವಾಪಸು ಬಿಟ್ಟುಹೋಗುತ್ತೀರಿ? ಡ್ರಮ್ಮು, ರಟ್ಟಿನ ಪೆಟ್ಟಿಗೆ ಯಾರು ತರಬೇಕು? ವಾಹನ ಎಷ್ಟು ಭಾರ ಹೊರುತ್ತದೆ, ತುಂಬಿಹೋದರೆ ಎರಡನೇ ಸಲ ಬರುತ್ತದೆಯೇ? ಅದೇ ದಿನ ಸಂಜೆ ಎಷ್ಟು ಗಂಟೆಗೆ? ಬಗೆವಾರು ತೂಕದ ಚೀಟಿ ಕೊಡುತ್ತೀರಾ? ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಕೊನೆಯ ಪ್ರಶ್ನೆಗೆ ಗೊಣಗುವವರನ್ನು ಬಿಟ್ಟು ಬೇರೆಯವರನ್ನು ಹುಡುಕುವುದು ಒಳ್ಳೆಯದು. ಇದಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ತಾರೀಖು ಗೊತ್ತು ಮಾಡುವುದು ಇದಾದ ಮೇಲೆ.

ಪೋಸ್ಟರಿನಲ್ಲಿ "ಇ-ತ್ಯಾಜ್ಯ ತನ್ನಿ" ಎಂದು ಬರೆದರೆ ಸೋಫಾ, ಹಾಸಿಗೆ, ಹಳೇ ಬಟ್ಟೆ ಎಲ್ಲವೂ ಬರುತ್ತವೆ. ಏನು ತರಬಾರದು ಎಂಬುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಮನೆಯಲ್ಲೇ ಮಾಡಿಕೊಂಡು ಬರಬಹುದಾದ ಕೆಲಸವನ್ನೂ ಅಲ್ಲೇ ಹೇಳಿಬಿಡಿ: ಸೆಲ್ಲಿಗೆ ಟೇಪು ಹಚ್ಚಿ, ಔಷಧಿಯ ಮೇಲಿನ ಹೆಸರು ಅಳಿಸಿ, ಬಣ್ಣದ ಡಬ್ಬದ ಮುಚ್ಚಳ ಬಿಗಿ ಮಾಡಿ. ಎಲ್ಲರೂ ಮಾಡುವುದಿಲ್ಲ. ಅರ್ಧ ಜನ ಮಾಡಿದರೂ ಮೇಜಿನ ಹತ್ತಿರದ ಸಾಲು ಅಷ್ಟರಮಟ್ಟಿಗೆ ಕರಗುತ್ತದೆ.

ಸಾಲಿನ ಲೆಕ್ಕ ಸುಲಭ. 200 ಮನೆಯವರು ನಾಲ್ಕು ಗಂಟೆಯಲ್ಲಿ ಬರುತ್ತಾರೆ ಎಂದಿಟ್ಟುಕೊಳ್ಳಿ. ಸರಾಸರಿ ಗಂಟೆಗೆ 50. ಒಬ್ಬೊಬ್ಬರ ಚೀಲ ಬಿಡಿಸಿ ವಿಂಗಡಿಸಲು 3 ನಿಮಿಷ ಬೇಕೆಂದರೆ ಗಂಟೆಗೆ 150 ನಿಮಿಷದ ಕೆಲಸ, ಅಂದರೆ ಮೂರು ಮೇಜು. ಆದರೆ ಜನ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಬಾಗಿಲು ತೆಗೆಯುವ ಮೊದಲೇ ಚೀಲ ಹಿಡಿದು ನಿಂತಿರುತ್ತಾರೆ. ಮೊದಲ ಗಂಟೆಗೆ 100 ಮನೆ ಎಂದು ಲೆಕ್ಕ ಹಾಕಿ ಐದು ಮೇಜು ಹಾಕಿ, ಆಮೇಲೆ ಎರಡನ್ನು ತೆಗೆದು ಆ ಜನರನ್ನು ಮೂಟೆ ಕಟ್ಟಲು ಕಳಿಸಿ. ಇಷ್ಟು ಗಾತ್ರದ ಕಾರ್ಯಕ್ರಮಕ್ಕೆ 20 ಮಂದಿ ಸಾಕು: ಗೇಟಿಗೆ 2, ವಿಂಗಡಣೆಗೆ 4, ಬ್ಯಾಟರಿಗೆ 2, ಬಲ್ಬಿಗೆ 1, ಔಷಧಿಗೆ 1, ರಿಪೇರಿಗೆ 5, ಬರೆಯಲು 2, ಕೈ ಬದಲಿಸಲು 3. ಮೊದಲ ಗಂಟೆಯಲ್ಲಿ ಆ ಮೂವರೂ ಮೇಜಿಗೇ ನಿಲ್ಲಲಿ. ಬಿಸಿಲಲ್ಲಿ ಎರಡು ಗಂಟೆಗಿಂತ ಹೆಚ್ಚು ಯಾರನ್ನೂ ಒಂದೇ ಕಡೆ ನಿಲ್ಲಿಸಬೇಡಿ. ಸುಸ್ತಾದವರ ಕೈಯಲ್ಲೇ ಟ್ಯೂಬ್‌ಲೈಟು ಒಡೆಯುವುದು.

ಜಾಗ ಗಟ್ಟಿ ನೆಲದ್ದಾಗಿರಲಿ, ನೆರಳಿರಲಿ, ಮಳೆನೀರಿನ ಚರಂಡಿಯ ಬಾಯಿ ದೂರವಿರಲಿ. ಇಳಿಜಾರಿದ್ದರೆ ರಾಸಾಯನಿಕದ ಮೇಜು ಇಳಿಜಾರಿನ ಕೆಳತುದಿಗೆ, ಕೆಳಗೆ ತಾಡಪತ್ರಿ, ಅದರ ಅಂಚನ್ನು ನಾಲ್ಕು ಬೆರಳು ಎತ್ತರಕ್ಕೆ ಮಡಚಿದ್ದಿರಬೇಕು. ಜನ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವಂತಿರಲಿ. ಗೇಟಿನಲ್ಲಿ ನಿಂತವರು ಕೇಳಬೇಕಾದ್ದು ಎರಡೇ: "ಸೆಲ್ಲು, ಬಲ್ಬು, ಔಷಧಿ ಏನಾದ್ರೂ ಇದೆಯಾ?", "ಇದ್ರಲ್ಲಿ ರಿಪೇರಿ ಆಗ್ಬಹುದಾದ್ದು ಇದೆಯಾ?" ಎರಡನೆಯ ಪ್ರಶ್ನೆ ಮರೆತರೆ ಕೆಲಸ ಕೆಟ್ಟಿತು. ರಿಪೇರಿ ಮೇಜು ಸಂಗ್ರಹದ ಮೇಜಿಗಿಂತ ಮೊದಲು ಸಿಗಬೇಕು. ರಾಶಿಗೆ ಎಸೆದ ಮಿಕ್ಸಿಯನ್ನು ಮತ್ತೆ ಯಾರೂ ಹೆಕ್ಕಿ ತೆಗೆಯುವುದಿಲ್ಲ, ತೆಗೆದರೂ ಅಷ್ಟರಲ್ಲಿ ಅದರ ಮೇಲೆ ಒಂದು ಪ್ರಿಂಟರು ಬಿದ್ದಿರುತ್ತದೆ.

ಬ್ಯಾಟರಿ ಮೇಜು

ಇಡೀ ಮೈದಾನದಲ್ಲಿ ಹುಷಾರಾಗಿರಬೇಕಾದ ಜಾಗ ಇದು. ಖಾಲಿಯಾಯಿತೆಂದು ಬಿಸಾಡಿದ ಸೆಲ್ಲಿನಲ್ಲೂ ಒಂದಷ್ಟು ವಿದ್ಯುತ್ ಉಳಿದಿರುತ್ತದೆ. ಹಳೇ ಗಡಿಯಾರದಲ್ಲಿ ಮುಳ್ಳು ತಳ್ಳಲಾರದ ಸೆಲ್ಲು ಸತ್ತಂತೆ ಕಂಡರೂ ಅದರ ಎರಡು ತುದಿಗೆ ಲೋಹ ತಗುಲಿದರೆ ಬಿಸಿಯಾಗಬಲ್ಲದು. ಎಲ್ಲಕ್ಕಿಂತ ತಂಟೆಯದು ಚೌಕಾಕಾರದ 9 ವೋಲ್ಟ್ ಬ್ಯಾಟರಿ, ಏಕೆಂದರೆ ಪ್ಲಸ್ಸು ಮೈನಸ್ಸು ಎರಡೂ ಒಂದೇ ತಲೆಯ ಮೇಲೆ ಒಂದರ ಪಕ್ಕ ಒಂದಿವೆ. ಡಬ್ಬದಲ್ಲಿ ಇನ್ನೊಂದು ಸೆಲ್ಲಿನ ತಗಡು ಅದಕ್ಕೆ ಅಡ್ಡ ಬಿದ್ದರೆ ಸಾಕು.

ಟೇಪು ಹಚ್ಚುವುದಕ್ಕೂ ಒಂದು ಕ್ರಮವಿದೆ. 9 ವೋಲ್ಟಿನದಕ್ಕೆ ತಲೆಯ ಮೇಲೆ ಒಂದು ತುಂಡು ಇನ್ಸುಲೇಶನ್ ಟೇಪು ಅಡ್ಡಕ್ಕೆ ಎಳೆದು ಎರಡೂ ಬದಿಗೆ ಒತ್ತಿ. ಉದ್ದನೆಯ ಸೆಲ್ಲಿಗೆ ಎರಡೂ ತುದಿ ಮುಚ್ಚಿ. ಗುಂಡಿಯಂಥ ಸೆಲ್ಲುಗಳನ್ನು ಅಗಲ ಟೇಪಿನ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು ಮೇಲಿಂದ ಇನ್ನೊಂದು ಟೇಪು ಹಚ್ಚಿ, ಮಾತ್ರೆಯ ಪಟ್ಟಿಯಂತೆ ಕಾಣಬೇಕು. ಈ ಗುಂಡಿ ಸೆಲ್ಲು ಮೇಜಿನ ಅಂಚಿನಲ್ಲಿ ಬಿಡಿಯಾಗಿ ಇರಬಾರದು. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು, ಮತ್ತು ಇಂಥ ದಿನ ಮಕ್ಕಳು ಮೇಜಿನ ಸುತ್ತಲೇ ಇರುತ್ತಾರೆ.

ಟೇಪು ಹಚ್ಚಿದ ಸೆಲ್ಲು ಪ್ಲಾಸ್ಟಿಕ್ ಬಕೆಟ್ಟಿಗೆ. ಹತ್ತು ಲೀಟರಿನ ಬಕೆಟ್ಟು ಪೂರ್ತಿ ತುಂಬಿದರೆ 15 ಕಿಲೋ ದಾಟುತ್ತದೆ, ಎತ್ತಿದಾಗ ಹಿಡಿ ಕಿತ್ತು ಬರುತ್ತದೆ. ಅರ್ಧಕ್ಕೆ ನಿಲ್ಲಿಸಿ. ಫೋನು, ಲ್ಯಾಪ್‌ಟಾಪು, ಪವರ್ ಬ್ಯಾಂಕುಗಳ ಲಿಥಿಯಂ ಬ್ಯಾಟರಿಗೆ ಬೇರೆ ಪೆಟ್ಟಿಗೆ, ಪದರಗಳ ನಡುವೆ ಒಣ ಮರಳು.

ಉಬ್ಬಿದ ಬ್ಯಾಟರಿ ಬಂದೇ ಬರುತ್ತದೆ. ಫೋನಿನ ಹಿಂಬದಿ ಎದ್ದು ನಿಂತಿರುತ್ತದೆ, ಲ್ಯಾಪ್‌ಟಾಪಿನ ಟಚ್‌ಪ್ಯಾಡು ಮೇಲೆ ಬಂದಿರುತ್ತದೆ. ಒಳಗಿನ ದ್ರಾವಣ ಕೆಟ್ಟು ಹುಟ್ಟಿದ ಅನಿಲ ಅದು. ಒತ್ತಿ ಸರಿ ಮಾಡಲು ಹೋಗುವವರು, ಚೂಪಾದದ್ದರಿಂದ ಚುಚ್ಚಿ ಗಾಳಿ ಬಿಡೋಣ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಅವರನ್ನು ಬೇರೆ ಮೇಜಿಗೆ ಹಾಕಿ. ಉಬ್ಬಿದ್ದನ್ನು ಫೋನಿನಿಂದ ಬಿಡಿಸದೆ, ಒಣ ಮರಳು ಹಾಕಿದ ಲೋಹದ ಡಬ್ಬದಲ್ಲಿಟ್ಟು, ಮುಚ್ಚಳ ಗಾಳಿಯಾಡದಂತೆ ಬಿಗಿಯದೆ, ಕಟ್ಟಡದಿಂದ ಹಲವು ಮೀಟರು ದೂರ ಬಯಲಿನಲ್ಲಿಡಿ. ಮರಳು ಬೆಂಕಿಯನ್ನು ತಣಿಸುವುದಿಲ್ಲ, ಸುತ್ತ ಹರಡದಂತೆ ತಡೆಯುತ್ತದೆ ಅಷ್ಟೆ. ಹೊಗೆ ಬಂತೆಂದರೆ ಹತ್ತಿರ ಬಗ್ಗಿ ನೋಡಬೇಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರಬಹುದು. ಗಾಳಿ ಹೊಗೆಯನ್ನು ಒಯ್ಯುತ್ತಿರುವ ದಿಕ್ಕಿನಿಂದ ಜನರನ್ನು ಆಚೆ ಕಳಿಸಿ ಅಗ್ನಿಶಾಮಕದವರಿಗೆ ಫೋನು ಮಾಡಿ. ವಿದ್ಯುತ್ ಸ್ಕೂಟರು, ಸೈಕಲ್ಲುಗಳ ದೊಡ್ಡ ಬ್ಯಾಟರಿಯನ್ನು ಒಯ್ಯುವವರು ಬರವಣಿಗೆಯಲ್ಲಿ ಒಪ್ಪದಿದ್ದರೆ ಗೇಟಿನಿಂದಲೇ ವಾಪಸು ಕಳಿಸಿ.

ವಾಹನದ ಸೀಸದ ಬ್ಯಾಟರಿ ನೆಟ್ಟಗೆ ನಿಂತಿರಬೇಕು, ಮಲಗಿಸಿದರೆ ಗಂಧಕಾಮ್ಲ ಸೋರುತ್ತದೆ. ಪಕ್ಕದಲ್ಲಿ ಎರಡು ಕಿಲೋ ಅಡುಗೆ ಸೋಡಾ ಇಟ್ಟುಕೊಳ್ಳಿ. ಸೋರಿದರೆ ಮೇಲೆ ಉದುರಿಸಿ, ನೊರೆ ಏಳುವುದು ನಿಂತ ಮೇಲೆ ಒರೆಸಿ.

ಬಲ್ಬು ಮತ್ತು ಪಾದರಸ

ಎಲ್‌ಇಡಿ ಬಲ್ಬಿನಲ್ಲಿ ಪಾದರಸ ಇಲ್ಲ, ಅದು ಇ-ತ್ಯಾಜ್ಯದ ಪೆಟ್ಟಿಗೆಗೆ. ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಒಳಗೆ ಇರುತ್ತದೆ. ಹಳೇ ಜ್ವರ ನೋಡುವ ಗಾಜಿನ ಕಡ್ಡಿಯಲ್ಲಿ ಅರ್ಧದಿಂದ ಒಂದೂವರೆ ಗ್ರಾಂ. ಒಂದು ಗ್ರಾಂ ಎಂದೇ ಹಿಡಿದರೂ ಒಂದು ಕಡ್ಡಿ 200 ಸಿಎಫ್‌ಎಲ್‌ಗೆ ಸಮ. ಟ್ಯೂಬ್‌ಲೈಟಿಗೆ ಪಡುವಷ್ಟು ಹೆದರಿಕೆ ಕಡ್ಡಿಗೆ ಯಾರೂ ಪಡುವುದಿಲ್ಲ, ಚೀಲದ ತಳದಲ್ಲಿ ಹಾಗೇ ಎಸೆದು ತರುತ್ತಾರೆ. ಅದಕ್ಕೆಂದೇ ಗಟ್ಟಿ ಮುಚ್ಚಳದ ಒಂದು ಗಾಜಿನ ಜಾಡಿ ಬೇರೆ ಇಡಿ.

ಟ್ಯೂಬ್‌ಲೈಟುಗಳನ್ನು ರಬ್ಬರ್ ಬ್ಯಾಂಡು ಹಾಕಿ ಕಟ್ಟಿದರೆ ಒಂದಕ್ಕೊಂದು ಉಜ್ಜಿ ಒಡೆಯುತ್ತವೆ. ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ನಡುವೆ ಪತ್ರಿಕೆ ತುರುಕಿ. ಒಡೆದರೆ ಪೊರಕೆ ಹಿಡಿಯಬೇಡಿ, ವ್ಯಾಕ್ಯೂಮ್ ಕ್ಲೀನರಂತೂ ಬೇಡವೇ ಬೇಡ, ಎರಡೂ ಒಳಗಿನ ಪಾದರಸ ಬೆರೆತ ಪುಡಿಯನ್ನು ಗಾಳಿಗೆ ಎಬ್ಬಿಸುತ್ತವೆ. ಜನರನ್ನು ಹತ್ತು ನಿಮಿಷ ದೂರ ನಿಲ್ಲಿಸಿ. ಗ್ಲೌಸು ಹಾಕಿಕೊಂಡು ಎರಡು ದಪ್ಪ ರಟ್ಟಿನ ತುಂಡಿನಿಂದ ಚೂರು ಬಳಿದು ಜಾಡಿಗೆ ಹಾಕಿ, ಉಳಿದ ಸಣ್ಣ ಪುಡಿಯನ್ನು ಟೇಪಿನ ಅಂಟು ಬದಿಯಿಂದ ಒತ್ತಿ ತೆಗೆಯಿರಿ. ಆ ರಟ್ಟು, ಟೇಪು ಎರಡೂ ಜಾಡಿಯೊಳಗೇ.

ಔಷಧಿಯ ವಿಷಯ ಬೇಗ ಮುಗಿಯುತ್ತದೆ. ಹೊರಗಿನ ರಟ್ಟು ತೆಗೆದು ಪಟ್ಟಿಯನ್ನು ಹಾಗೇ ಹಾಕಿ, ಮಾತ್ರೆ ಬಿಡಿಸುತ್ತಾ ಕೂರಬೇಡಿ. ದ್ರವದ ಬಾಟಲಿ ಮುಚ್ಚಳ ಬಿಗಿದು ನೆಟ್ಟಗೆ. ಸೂಜಿ ಇದ್ದರೆ ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಕ್ಕೆ ಮಾತ್ರ, ಅದನ್ನೂ ತಂದವರೇ ಕೈಯಾರೆ ಹಾಕಲಿ. ಚೀಲದೊಳಗೆ ಕೈ ಬಿಟ್ಟು ತಡಕಾಡುವುದು ಈ ಮೇಜಿನಲ್ಲಿ ನಿಷೇಧ, ಚೀಲವನ್ನು ತಟ್ಟೆಗೆ ಸುರಿದೇ ನೋಡಬೇಕು. ನಿಯಂತ್ರಿತ ನೋವುನಿವಾರಕಗಳಿಗೆ ಬಹಳ ಕಡೆ ಬೇರೆಯದೇ ಕಾನೂನಿದೆ, ಮೊದಲೇ ವಿಚಾರಿಸಿಕೊಂಡಿರಿ.

ಬಣ್ಣ, ಥಿನ್ನರ್, ಕ್ಲೀನರು ಇವೆಲ್ಲ ಅವುಗಳ ಸ್ವಂತ ಡಬ್ಬದಲ್ಲೇ ಇರಬೇಕು. ಜಾಗ ಉಳಿಸಲೆಂದು ಎರಡು ಅರ್ಧ ಬಾಟಲಿಗಳನ್ನು ಒಂದು ಮಾಡುವುದು ಈ ಮೇಜಿನ ದೊಡ್ಡ ತಪ್ಪು. ಬ್ಲೀಚಿಗೆ ಶೌಚಾಲಯ ತೊಳೆಯುವ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಉಸಿರು ಕಟ್ಟಿಸುತ್ತವೆ. ಚೆಲ್ಲಿದ್ದನ್ನು ಹೀರಲು ಮರದ ಹೊಟ್ಟು ಇಡಬೇಡಿ, ಈಜುಕೊಳದ ಕ್ಲೋರಿನ್ ಪುಡಿಯಂಥದ್ದು ತಾಗಿದರೆ ಹೊಟ್ಟೇ ಹೊತ್ತಿಕೊಳ್ಳಬಹುದು. ಒಣ ಮರಳು ಸಾಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯ ಮುದ್ದೆ ಬಂದರೆ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿ. ಆ ಎಣ್ಣೆ ಒಣಗುತ್ತಾ ಕಾವು ಹುಟ್ಟಿಸುತ್ತದೆ, ಮುದ್ದೆಯೊಳಗಿನ ಕಾವು ಹೊರಗೆ ಹೋಗಲಾರದೆ ತಾನಾಗಿಯೇ ಉರಿಯುತ್ತದೆ. ಕಣ್ಣಿಗೆ ಏನಾದರೂ ಸಿಡಿದರೆ ಹದಿನೈದು ನಿಮಿಷ ನೀರು ಹರಿಸಬೇಕು, ಅಷ್ಟು ಚೊಕ್ಕಟ ನೀರು ಆ ಮೇಜಿನ ಪಕ್ಕದಲ್ಲೇ ಇರಬೇಕು. ಮುಚ್ಚಳ ತೆರೆಯದ, ಇನ್ನೂ ಬಳಸಬಹುದಾದ ಬಣ್ಣದ ಡಬ್ಬಗಳನ್ನು ಬೇರೆ ಇಟ್ಟು "ಬೇಕಾದವರು ಒಯ್ಯಿರಿ" ಎಂದು ಬರೆಯಿರಿ. ಇಡೀ ದಿನದಲ್ಲಿ ಖರ್ಚಿಲ್ಲದೆ ಖಾಲಿಯಾಗುವ ರಾಶಿ ಅದೊಂದೇ.

ರಿಪೇರಿ ಮೇಜು

ಜನ ಸೇರಿ ರಿಪೇರಿ ಮಾಡುವ ರೂಢಿಗೆ ಈಗಿನ ರೂಪ ಬಂದದ್ದು ಆಮ್‌ಸ್ಟರ್‌ಡಾಮಿನಲ್ಲಿ. 2009ರ ಅಕ್ಟೋಬರ್ 18ರಂದು ಮಾರ್ಟಿನ್ ಪೋಸ್ಟ್ಮಾ ಅವರು ಅಲ್ಲಿ ಮೊದಲ ರಿಪೇರ್ ಕೆಫೆ ನಡೆಸಿದರು. ಅದರ ಮುಖ್ಯ ಗುಣ ಇಲ್ಲೂ ಬೇಕು: ಸಾಮಾನು ತಂದವರು ಬಿಟ್ಟುಹೋಗುವಂತಿಲ್ಲ, ಪಕ್ಕದಲ್ಲೇ ಕೂರಬೇಕು. ಬಿಟ್ಟುಹೋದರೆ ಅದು ಪುಕ್ಕಟೆ ಅಂಗಡಿಯಾಗುತ್ತದೆ, ಸಂಜೆ ಹೊತ್ತಿಗೆ ವಾರಸುದಾರರಿಲ್ಲದ ಮಿಕ್ಸಿಗಳು ಉಳಿಯುತ್ತವೆ. ಒಬ್ಬರಿಗೆ ಒಂದೇ ಸಾಮಾನು, ಅರ್ಧ ಗಂಟೆ, ಟೋಕನ್ ಪ್ರಕಾರ.

ಬರುವ ದೋಷಗಳು ಬಹುಮಟ್ಟಿಗೆ ಅವೇ. ವೈರು ಒಳಗೆ ತುಂಡಾಗುವುದು ಪ್ಲಗ್ಗಿನ ಬುಡದಲ್ಲಿ ಅಥವಾ ಯಂತ್ರದೊಳಗೆ ಹೋಗುವ ಬಾಯಲ್ಲಿ, ಏಕೆಂದರೆ ಬಾಗುವುದೆಲ್ಲ ಅಲ್ಲೇ. ಪ್ಲಗ್ಗು ಕಿತ್ತು, ಮಲ್ಟಿಮೀಟರನ್ನು ಶಬ್ದ ಬರುವ ಗುರುತಿಗಿಟ್ಟು, ವೈರಿನ ಎರಡು ತುದಿ ಹಿಡಿದು ಬುಡವನ್ನು ಮೆಲ್ಲಗೆ ಬಾಗಿಸಿ. ಶಬ್ದ ಕಡಿದು ಕಡಿದು ಬಂದರೆ ರೋಗ ಸಿಕ್ಕಿತು. ಫ್ಯಾನು ಕೈಯಿಂದ ತಳ್ಳಿದರೆ ಮಾತ್ರ ತಿರುಗುತ್ತದೆ ಎಂದರೆ ಮೊದಲು ಕಂಡೆನ್ಸರ್ (ಕೆಪಾಸಿಟರ್) ನೋಡಿ, ಮೇಲೆ ಬರೆದ ಮೈಕ್ರೋಫ್ಯಾರಡ್ ಮತ್ತು ವೋಲ್ಟು ಎರಡೂ ಹೊಂದುವ ಹೊಸದು ಹಾಕಿ. ಮಿಕ್ಸಿಯಲ್ಲಿ ಕಿಡಿ ಹೆಚ್ಚಾಗಿ ವೇಗ ಕುಂದಿದ್ದರೆ ಕಾರ್ಬನ್ ಬ್ರಷ್ಷು ಸವೆದು ಮೊಂಡಾಗಿರುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸಿ. ಜಿಪ್ಪು ಹಾಕಿದರೂ ಹಲ್ಲು ಬಿಟ್ಟುಕೊಳ್ಳುತ್ತಿದ್ದರೆ ಹಲ್ಲಿನ ತಪ್ಪಲ್ಲ, ಎಳೆಯುವ ತುಂಡು ಸಡಿಲವಾಗಿದೆ. ಅದರ ಹಿಂಭಾಗವನ್ನು ಎಡ ಒಮ್ಮೆ, ಬಲ ಒಮ್ಮೆ ಇಕ್ಕಳದಿಂದ ಕೂದಲೆಳೆಯಷ್ಟು ಒತ್ತಿ. ಜೋರಾಗಿ ಒತ್ತಿದರೆ ಮುರಿಯುತ್ತದೆ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲುಗಳಲ್ಲಿ ಥರ್ಮಲ್ ಫ್ಯೂಸು, ಅಂದರೆ ಕಾವು ಮಿತಿ ಮೀರಿದರೆ ಕರೆಂಟು ಕಡಿಯುವ ತುಂಡು, ಹೋಗಿರುತ್ತದೆ. ಅಲ್ಲೊಂದು ತಂತಿ ಸುತ್ತಿ "ಸರಿಯಾಯ್ತು ನೋಡಿ" ಎನ್ನುವ ರಿಪೇರಿ ಮನೆ ಸುಡುವ ರಿಪೇರಿ. ಅದೇ ಡಿಗ್ರಿಯ ಹೊಸ ಫ್ಯೂಸು ಬೇಕು, ಅದನ್ನು ಬೆಸೆಯಲೂ ಬಾರದು, ಬೆಸುಗೆಯ ಕಾವಿಗೇ ಒಳಗಿಂದ ಹಾರಿಹೋಗುತ್ತದೆ. ಲೋಹದ ಕೊಳವೆ ಹಾಕಿ ಅದುಮಿ ಜೋಡಿಸಬೇಕು. ಕಾವನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟು ಅಂಟಿಕೊಂಡದ್ದರಿಂದಲೇ ಫ್ಯೂಸು ಹೋಗಿರಬಹುದು, ಅದನ್ನೂ ನೋಡದೆ ಮುಚ್ಚಿದರೆ ವಾರದೊಳಗೆ ಮತ್ತೆ ಅದೇ ಕಥೆ.

ಸರಿ ಮಾಡಿದ್ದನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚಬಾರದು. 60 ವ್ಯಾಟಿನ ಹಳೇ ಬಗೆಯ ತಂತಿ ಬಲ್ಬಿನೊಂದಿಗೆ ಸೀರೀಸಿನಲ್ಲಿ, ಅಂದರೆ ಕರೆಂಟು ಬಲ್ಬನ್ನು ಹಾದೇ ಹೋಗುವಂತೆ, ಹಾಕಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಫ್ಯೂಸು ಹಾರುವುದಿಲ್ಲ. ಇಲ್ಲಿ ಹೊಸಬರು ಎಡವುವುದು ಇಸ್ತ್ರಿ ಪೆಟ್ಟಿಗೆಯಲ್ಲಿ. ಅದರ ಸುರುಳಿಯ ರೋಧವೇ ಕಡಿಮೆ, ಆದ್ದರಿಂದ ಚೆನ್ನಾಗಿರುವ ಪೆಟ್ಟಿಗೆಗೂ ಬಲ್ಬು ಹೆಚ್ಚುಕಡಿಮೆ ಪೂರ್ತಿ ಹೊತ್ತುತ್ತದೆ. ಕಾವಿನ ಸಾಮಾನುಗಳಿಗೆ ಮಲ್ಟಿಮೀಟರೇ ಸಾಕ್ಷಿ: 230 ವೋಲ್ಟಿನ 1000 ವ್ಯಾಟ್ ಪೆಟ್ಟಿಗೆ ಸುಮಾರು 53 ಓಮ್ ತೋರಿಸಬೇಕು. ಆಮೇಲೆ ಲೋಹದ ಮೈಗೂ ಲೈನಿಗೂ ನಡುವೆ 500 ವೋಲ್ಟಿನ ಮೆಗ್ಗರಿನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರು) ಕನಿಷ್ಠ 1 ಮೆಗಾಓಮ್ ಬಂದರಷ್ಟೇ ವಾಪಸು ಕೊಡುವುದು. ಪರೀಕ್ಷೆಯ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಡಿ, ಅಂದರೆ ವಿದ್ಯುತ್ ಸೋರಿದ ಕೂಡಲೇ ಕಡಿಯುವ ಸ್ವಿಚ್ಚು, ಇರಲೇಬೇಕು.

ಮೈಕ್ರೋವೇವ್ ಓವನ್, ಹಳೇ ಡಬ್ಬಾ ಟಿವಿ ಇವೆರಡನ್ನು ಬಿಚ್ಚುವುದಿಲ್ಲ ಎಂದು ಮೇಜಿನ ಮೇಲೇ ಬರೆದಿಡಿ. ಓವನ್ನಿನ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ ಸಾವಿರಾರು ವೋಲ್ಟು ಹಿಡಿದಿಟ್ಟುಕೊಂಡಿರಬಹುದು. ಫ್ರಿಜ್ಜಿನ ಕೊಳವೆ ಕತ್ತರಿಸುವಂತಿಲ್ಲ, ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿ ಇರುವುದು ಉರಿಯುವ ಐಸೊಬ್ಯೂಟೇನ್ ಅನಿಲ.

ಫೋನು ಕೊಡಲು ಜನ ಹಿಂಜರಿಯುವುದು ಒಳಗಿನ ಫೋಟೊಗಳಿಗಾಗಿ, ಅದು ನ್ಯಾಯವೇ. ಖಾತೆಯಿಂದ ಹೊರಬಂದು, ಸಿಮ್ಮು ಮತ್ತು ಮೆಮೊರಿ ಕಾರ್ಡು ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಲು ಅಲ್ಲೇ ಒಬ್ಬರು ಸಹಾಯಕ್ಕಿರಲಿ, ಆದರೆ ಒತ್ತುವುದು ಫೋನಿನ ಒಡೆಯರೇ. ಎನ್‌ಕ್ರಿಪ್ಟ್ ಆದ, ಅಂದರೆ ಒಳಗಿನದನ್ನು ಗುಪ್ತಲಿಪಿಯಲ್ಲಿ ಇಟ್ಟಿರುವ ಫೋನಿನಲ್ಲಿ ರೀಸೆಟ್ ಆ ಲಿಪಿಯ ಕೀಲಿಯನ್ನೇ ಅಳಿಸುತ್ತದೆ, ಉಳಿದ ದತ್ತಾಂಶ ಓದಲು ಬರುವುದಿಲ್ಲ. ಆನ್ ಆಗದ ಫೋನುಗಳ ಮತ್ತು ಹಾರ್ಡ್ ಡಿಸ್ಕುಗಳ ಗತಿ ಬೇರೆ: ಮೇಲೆ ಸೀಳು ಬಿಟ್ಟ, ಬೀಗ ಹಾಕಿದ ಪೆಟ್ಟಿಗೆ. ಕೀಲಿ ಆ ಮೇಜಿನವರ ಹತ್ತಿರ ಇರಬಾರದು. ಪುಡಿ ಮಾಡಿದ ಬಗ್ಗೆ ಪ್ರಮಾಣಪತ್ರ ಕೊಡುವ ಮಾತು ಒಯ್ಯುವವರ ಕಾಗದದಲ್ಲಿ ಮೊದಲೇ ಇರಬೇಕು.

ಮೂರೂವರೆಗೆ ತೂಕ ಶುರು ಮಾಡಿ. ಖಾಲಿ ಡ್ರಮ್ಮಿನ ತೂಕವನ್ನು ಬೆಳಿಗ್ಗೆಯೇ ಅದರ ಮೇಲೆ ಬರೆದಿದ್ದರೆ ಈಗ ಕಳೆಯುವುದೊಂದೇ ಕೆಲಸ. ಬಗೆವಾರು ತೂಗಿ, ನಿಮ್ಮ ಹಾಳೆಯಲ್ಲಿ ಬರೆದು, ಲಾರಿಯವರ ಸಹಿ ಹಾಕಿಸಿ. ಆಮೇಲೆ ಅವರಿಂದ ಬರುವ ಚೀಟಿಯೊಂದಿಗೆ ತಾಳೆ ನೋಡಿ. ಒಂದೆರಡು ಕಿಲೋ ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಡಿ, ತಾಮ್ರವಿರುವ ಸಾಮಾನುಗಳ ಬಾಬತ್ತಿನಲ್ಲೇ ಕಡಿಮೆ ಬಂದಿದ್ದರೆ ಕೇಳಿ. ಬರೆಯುವಾಗ ಎಷ್ಟು ಜನ ಬಂದರು ಎಂಬುದಕ್ಕಿಂತ ಏನನ್ನು ವಾಪಸು ಕಳಿಸಿದಿರಿ ಎಂಬ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಮುಂದಿನ ಸಲ ಹುಡುಕಬೇಕಾದ ಒಯ್ಯುವವರ ಪಟ್ಟಿ ಅದೇ.

ಬ್ಯಾನರನ್ನು ಅಂದೇ ರಾತ್ರಿ ಬಿಚ್ಚಿ. ಮರುದಿನ ಬೆಳಿಗ್ಗೆಯೂ ಅದು ನೇತಾಡುತ್ತಿದ್ದರೆ ಗೇಟಿನ ಮುಂದೆ ಒಂದು ಟಿವಿ, ಎರಡು ಚೀಲ ಸೆಲ್ಲು ಯಾರೂ ಇಲ್ಲದ ಹೊತ್ತಿನಲ್ಲಿ ಬಂದು ಕೂತಿರುತ್ತವೆ, ಲಾರಿ ಹೋಗಿಯಾಗಿರುತ್ತದೆ. ಆ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಒಬ್ಬರನ್ನು ಅಲ್ಲಿ ನಿಲ್ಲಿಸುವುದನ್ನೂ ಕೆಲಸದ ಪಟ್ಟಿಯಲ್ಲಿ ಸೇರಿಸಿ.